ಸಾರ್ಟೆಕ್ಸ್ ಮಷಿನ್ ಬಂತು, ಬೆನ್ನಿನ ಮೇಲಿನ ಚೀಲ ಇಳಿಯಲಿಲ್ಲ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ ಸರ್. ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಣ್ಣ ರೈತ. ರೈತನ ಪತ್ರ ಅಂದ ತಕ್ಷಣ ಇದನ್ನು ಕೃಷಿ ಇಲಾಖೆಗೆ ಕಳಿಸಿಬಿಡಬೇಡಿ. ಇದು ಕೂಲಿಯವರ ವಿಷಯ, ನಿಮ್ಮ ಖಾತೆಯದೇ ವಿಷಯ. ಬೇರೆಯವರೂ ಓದಿ ಮಾತಾಡಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಈಗ ಟಿವಿ ಹಾಕಿದರೂ ಅದೇ, ಮೊಬೈಲ್ ತೆಗೆದರೂ ಅದೇ ಪ್ರಶ್ನೆ. ಎಐ ಬಂತು, ರೋಬೋ ಬಂತು, ಇನ್ನು ಮನುಷ್ಯರಿಗೆ ಕೆಲಸ ಉಳಿಯುತ್ತಾ? 2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರಂತೆ, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇನೆ ಎಂದಾಗ ಎಷ್ಟು ಚರ್ಚೆ ಆಯಿತು ನೋಡಿ. ಆಗಬೇಕಾದದ್ದೇ. ನಮ್ಮ ಕಡೆಯ ಮಕ್ಕಳೂ ಅಂಥ ಕಂಪನಿಗಳಲ್ಲಿ ಇದ್ದಾರೆ, ಹೊಲ ಅಡವಿಟ್ಟು ಓದಿಸಿದ ಅಪ್ಪ ಅಮ್ಮಂದಿರು ಇಲ್ಲಿ ನಿದ್ದೆಗೆಟ್ಟಿದ್ದಾರೆ. ಆದರೆ ಒಂದು ಮಾತು ಹೇಳಲೇಬೇಕು. ಯಂತ್ರ ಬಂದು ಮನುಷ್ಯರ ಕೆಲಸ ಹೋಗೋದು ನಮ್ಮ ಸೀಮೆಯಲ್ಲಿ ಮುಂದೆಂದೋ ಆಗುವ ಮಾತಲ್ಲ. ಆಗಿ ಹೋಗಿ ಇಪ್ಪತ್ತು ವರ್ಷದ ಹತ್ತಿರ ಬಂತು. ಆಗ ಯಾವ ಟಿವಿಯಲ್ಲೂ ಚರ್ಚೆ ನಡೆಯಲಿಲ್ಲ, ಯಾಕಂದ್ರೆ ಕೆಲಸ ಹೋಗಿದ್ದು ಭೂಮಿ ಇಲ್ಲದ ಹೆಂಗಸರದ್ದು. ಯಂತ್ರ ಬಂದ ಮೇಲೆ ದುಡಿಮೆ ಏನಾಗುತ್ತೆ ಅಂತ ತಿಳಿಯಬೇಕಾದರೆ ಮೊದಲು ನಮ್ಮ ಕಡೆ ಬಂದು ನೋಡಿ.

ಮೊದಲು ರೈಸ್ ಮಿಲ್ಲಿಗೆ ಹೋಗೋಣ. ಕಾರಟಗಿ, ಗಂಗಾವತಿ, ಸಿಂಧನೂರು ರಸ್ತೆಯಲ್ಲಿ ಮಿಲ್ಲುಗಳಿಗೇನು ಬರವಿಲ್ಲ. ಒಳಗೆ ಸಾರ್ಟೆಕ್ಸ್ ಅಂತ ಒಂದು ಯಂತ್ರ ಇರುತ್ತೆ. ಅಕ್ಕಿ ಮೇಲಿನಿಂದ ಸಣ್ಣ ಸಣ್ಣ ಕಾಲುವೆಯಂಥ ತಗಡಿನ ಮೇಲೆ ಜಾರಿ ಕೆಳಗೆ ಬೀಳುತ್ತೆ. ಬೀಳುವಾಗ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತೆ. ಕಪ್ಪು ಚುಕ್ಕೆ ಇರುವ ಕಾಳು, ಹಳದಿ ಕಾಳು, ಕಲ್ಲು ಕಂಡರೆ ಆ ಕ್ಷಣಕ್ಕೇ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತೆ. ಹತ್ತಿರ ನಿಂತರೆ ಗಾಳಿ ಬಿಡುವ ಟಿಕ್ ಟಿಕ್ ಸದ್ದು ಬಿಟ್ಟೂ ಬಿಡದೆ ಕೇಳಿಸುತ್ತೆ. ಮೊದಲು ಹೆಂಗಸರು ಮೊರ ಹಿಡಿದು ಕೂತು ಅಕ್ಕಿ ಆರಿಸುತ್ತಿದ್ದರು, ಸಂಜೆ ಹೊತ್ತಿಗೆ ಅವರ ಕಣ್ಣು ಕೆಂಪಾಗಿರುತ್ತಿತ್ತು. ಈಗ ಆ ಕೆಲಸಕ್ಕೆ ಯಾರೂ ಬೇಕಿಲ್ಲ. ಮನುಷ್ಯರ ಕಣ್ಣಿಗೆ ಆಗದಷ್ಟು ವೇಗವಾಗಿ, ಚೆನ್ನಾಗಿ, ಆ ಯಂತ್ರ ಮಾಡುತ್ತೆ. ಇದನ್ನು ಒಪ್ಪಲೇಬೇಕು, ಅದ್ಭುತ ಯಂತ್ರ ಅದು.

ಅದೇ ಮಿಲ್ಲಿನ ಬಾಗಿಲಿಗೆ ಬನ್ನಿ. ಲಾರಿ ನಿಂತಿದೆ. ಹಮಾಲರು ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದಾರೆ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ರೇಟು ಹೇಳೋದೇ 75 ಕೆಜಿ ಚೀಲಕ್ಕೆ ಇಷ್ಟು ಅಂತ. ಒಂದು ಲಾರಿಗೆ 300 ಚೀಲ ಅಂದುಕೊಳ್ಳಿ, ಹತ್ತು ಜನ ಹಮಾಲರು ಅಂದುಕೊಳ್ಳಿ. ತಲಾ 30 ಚೀಲ, ಅಂದರೆ ಒಬ್ಬೊಬ್ಬರ ಬೆನ್ನ ಮೇಲೆ ಎರಡು ಟನ್ನಿಗೂ ಜಾಸ್ತಿ. ಅದು ಒಂದು ಲಾರಿಗೆ. ದಿನಕ್ಕೆ ಒಂದೇ ಲಾರಿ ಅಂತ ಏನಿಲ್ಲ. ಇನ್ನು ಅಟ್ಟಿ ಎತ್ತರವಾದಾಗ ಹಲಗೆ ಮೇಲೆ ಹತ್ತಿಕೊಂಡು ಹೋಗಬೇಕು, ಬೆವರಿಗೆ ಹಲಗೆ ಜಾರುತ್ತೆ. ನಲವತ್ತೈದು ದಾಟಿದ ಹಮಾಲರ ನಡಿಗೆ ನೋಡಿ, ಕುತ್ತಿಗೆ ಒಂದು ಕಡೆಗೆ ವಾಲಿರುತ್ತೆ, ಮೊಣಕಾಲು ಮಡಚೋಕೆ ಆಗಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ, ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ದಾಟದಂತೆ ನೋಡಿಕೊಳ್ಳಿ ಎಂದು ಶಿಫಾರಸು ಮಾಡಿದೆ. ಅದಾಗಿ ಸುಮಾರು ಅರವತ್ತು ವರ್ಷ ಆಯ್ತು ಸರ್.

ಒಂದೇ ಛಾವಣಿಯ ಕೆಳಗೆ ಒಂದು ಕಾಳಿನ ಕಪ್ಪು ಚುಕ್ಕೆ ನೋಡೋಕೆ ಕ್ಯಾಮೆರಾ ಇದೆ, 75 ಕೆಜಿ ಎತ್ತೋಕೆ ಮನುಷ್ಯ ಇದ್ದಾನೆ. ಚೀಲ ಸಾಗಿಸುವ ಬೆಲ್ಟ್ ಏನು ಹೊಸ ಆವಿಷ್ಕಾರವೇ? ಅದಕ್ಕೆ ಎಐ ಬೇಡ, ಕ್ಯಾಮೆರಾ ಬೇಡ, ಒಂದು ಮೋಟಾರು ಮತ್ತು ರಬ್ಬರ್ ಪಟ್ಟಿ ಇದ್ದರೆ ಸಾಕು. ಕೆಲವು ಕಡೆ ಇದೆ ಕೂಡ. ಎಲ್ಲ ಕಡೆ ಯಾಕಿಲ್ಲ ಅಂದರೆ ಸಾರ್ಟೆಕ್ಸ್ ಹಾಕಿದರೆ ಅಕ್ಕಿಗೆ ಒಳ್ಳೆ ರೇಟು ಸಿಗುತ್ತೆ, ಬೆಲ್ಟ್ ಹಾಕಿದರೆ ಹಮಾಲನ ಬೆನ್ನು ಮಾತ್ರ ಉಳಿಯುತ್ತೆ. ಬೆನ್ನಿಗೆ ಯಾರೂ ರೇಟು ಕಟ್ಟಿಲ್ಲ. ಯಂತ್ರ ಎಲ್ಲಿಗೆ ಬರಬೇಕು ಅನ್ನೋದನ್ನು ವಿಜ್ಞಾನ ತೀರ್ಮಾನ ಮಾಡಲ್ಲ, ದುಡ್ಡು ಹಾಕುವವರು ತೀರ್ಮಾನ ಮಾಡುತ್ತಾರೆ. ಇಡೀ ಪತ್ರದಲ್ಲಿ ನಾನು ಹೇಳಬೇಕಿರೋದು ಇದೊಂದೇ, ಉಳಿದದ್ದೆಲ್ಲ ಇದರ ಸುತ್ತಲಿನ ಮಾತು.

ಇನ್ನೂ ಬೇಸರದ ಸಂಗತಿ ಏನಂದ್ರೆ, ನಾಳೆ ಬೆಲ್ಟ್ ತರುತ್ತೇವೆ ಅಂದರೆ ಮೊದಲು ಬೇಡ ಅನ್ನೋರು ಹಮಾಲರೇ. ಬೆನ್ನು ಉಳಿಸೋಕೆ ಹೋದರೆ ಹೊಟ್ಟೆ ಮೇಲೆ ಬೀಳುತ್ತೆ ಅನ್ನೋ ಭಯ. ಅವರ ಭಯ ಸರಿಯಾಗೇ ಇದೆ. ಹತ್ತು ಜನರ ಕೆಲಸ ನಾಲ್ಕು ಜನರಿಂದ ಆದರೆ ಉಳಿದ ಆರು ಜನ ಎಲ್ಲಿಗೆ ಹೋಗಬೇಕು? ಅವರಿಗೆ ಪಿಎಫ್ ಇದೆಯಾ, ಗ್ರಾಚ್ಯುಟಿ ಇದೆಯಾ? ಚೀಲಕ್ಕಿಷ್ಟು ಅಂತ ಕೂಲಿ, ಚೀಲ ಹೊತ್ತರೆ ಊಟ, ಅಷ್ಟೇ. ನಿಮ್ಮ ಇಲಾಖೆಯ ಅಂಬೇಡ್ಕರ್ ಸಹಾಯ ಹಸ್ತದ ಕಾರ್ಡು ಹಮಾಲರಿಗೂ ಕೊಡುತ್ತೀರಿ, ಅದು ಒಳ್ಳೆಯದೇ. ಆದರೆ ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಹಮಾಲರಿಗಾಗಿ ಒಂದು ಕಾಯ್ದೆ ಮಾಡಿತು. ಅಲ್ಲಿ ಹಮಾಲರ ಹೆಸರು ಮಂಡಳಿಯಲ್ಲಿ ನೋಂದಣಿ ಆಗುತ್ತೆ, ಕೆಲಸ ಕೊಡುವವರ ಹೆಸರೂ ನೋಂದಣಿ ಆಗುತ್ತೆ, ಕೂಲಿಯ ಮೇಲೆ ಇಷ್ಟು ಅಂತ ಮಾಲೀಕರು ಮಂಡಳಿಗೆ ಕಟ್ಟಬೇಕು, ಅದರಿಂದ ಪಿಎಫ್, ರಜೆ, ಗ್ರಾಚ್ಯುಟಿ ನಡೆಯುತ್ತೆ. ಪುಣೆಯಲ್ಲಿ ಬಾಬಾ ಆಢಾವ್ ಅವರು ಹಮಾಲ್ ಪಂಚಾಯತ್ ಕಟ್ಟಿ ಇದಕ್ಕಾಗಿ ಜೀವಮಾನ ಸವೆಸಿದರು. ಅಂಥದ್ದೊಂದು ನಮ್ಮಲ್ಲೂ ಇದ್ದಿದ್ದರೆ ಹಮಾಲರೇ ಬಂದು ಬೆಲ್ಟ್ ಹಾಕಿ ಅಂತ ಕೇಳುತ್ತಿದ್ದರು. ಅವರ ಭಯ ಇರೋದು ಮಷಿನ್ ಬಂದ ಮರುದಿನ ಯಾರೂ ತಮ್ಮನ್ನು ಕೇಳುವವರಿಲ್ಲ ಅನ್ನೋದಕ್ಕೆ.

ಇನ್ನು ಹೊಲದ ಕಥೆ. ನೆಲ್ಲು ಕೊಯ್ಯೋಕೆ ಈಗ ನಾವೆಲ್ಲ ಚೈನ್ ಮಷಿನ್ ಕರೆಸುತ್ತೇವೆ. ನಾನೂ ಕರೆಸುತ್ತೇನೆ, ಮುಂದೆಯೂ ಕರೆಸುತ್ತೇನೆ. ಸುಗ್ಗಿ ಬಂದರೆ ತಮಿಳುನಾಡಿನಿಂದ, ಆಂಧ್ರದಿಂದ ಲಾರಿ ಮೇಲೆ ಏರಿ ಬರುತ್ತವೆ, ಊರಿಗೊಬ್ಬ ಏಜೆಂಟ್, ಗಂಟೆಗೆ ಎರಡು ಮೂರು ಸಾವಿರ. ಗದ್ದೆಗೆ ಇಳಿಯಿತು ಅಂದರೆ ಎಕರೆ ಮುಗಿಸೋಕೆ ಹೆಚ್ಚೂ ಕಮ್ಮಿ ಒಂದು ಗಂಟೆ. ಮುಂದಿನ ಬ್ಲೇಡು ಪೈರು ಕತ್ತರಿಸಿ ಒಳಗೆ ಎಳೆದುಕೊಳ್ಳುತ್ತೆ, ಒಳಗೇ ಕಾಳು ಬೇರೆ ಹುಲ್ಲು ಬೇರೆ ಮಾಡುತ್ತೆ, ಹಿಂದೆ ಹುಲ್ಲು ಉದುರಿಸುತ್ತಾ ಹೋಗುತ್ತೆ, ಟ್ಯಾಂಕು ತುಂಬಿದ ಮೇಲೆ ಬದುವಿನ ಹತ್ತಿರ ನಿಂತ ಟ್ರಾಲಿಗೆ ನೆಲ್ಲು ಸುರಿಯುತ್ತೆ. ಮೊದಲು ಇದೇ ಒಂದು ಎಕರೆಗೆ ಕೊಯ್ಯೋದು, ಸಿವುಡು ಕಟ್ಟೋದು, ಕಣಕ್ಕೆ ಹೊರೋದು, ಬಡಿಯೋದು, ತೂರೋದು ಎಲ್ಲ ಸೇರಿ ಹದಿನೈದು ಇಪ್ಪತ್ತು ಆಳಿನ ಕೆಲಸ ಇತ್ತು. ಮಳೆ ಮೋಡ ಕಟ್ಟಿದಾಗ ಆಳು ಸಿಗದೆ ನಿಂತ ಬೆಳೆ ನೆಲಕ್ಕೆ ಒರಗಿ ಮೊಳಕೆ ಒಡೆಯೋದನ್ನು ನೋಡಿದ ರೈತನಿಗೆ ಈ ಮಷಿನ್ ಬೇಡ ಅಂತ ಯಾರೂ ಹೇಳೋಕೆ ಬರಲ್ಲ.

ಆ ಹದಿನೈದು ಇಪ್ಪತ್ತು ಆಳು ಯಾರು ಅಂದರೆ ಹೆಚ್ಚಿನವರು ಹೆಂಗಸರು. ನಮ್ಮೂರಿನವರು ಸ್ವಲ್ಪ, ಮಿಕ್ಕವರು ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಒಣಭೂಮಿಯಿಂದ ಬರುತ್ತಿದ್ದವರು. ಗಂಡ ಮಕ್ಕಳ ಜೊತೆ ಬಂದು ಕಾಲುವೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಸುಗ್ಗಿ ಮುಗಿಸಿ, ಕೂಲಿಯ ಜೊತೆ ನೆಲ್ಲಿನ ಚೀಲವನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ತೆನೆ ಆರಿಸಿಕೊಳ್ಳೋದು ಮುದುಕಿಯರ ಮತ್ತು ಮಕ್ಕಳ ಪಾಲು. ಹಕ್ಕಲು ಆರಿಸಬೇಡ ಅಂತ ಯಾವ ರೈತನೂ ಅನ್ನುತ್ತಿರಲಿಲ್ಲ. ಗಂಡ ಸತ್ತ ಒಬ್ಬ ಹೆಣ್ಣುಮಗಳು ಆ ಹಕ್ಕಲಿನಿಂದಲೇ ಒಂದೆರಡು ತಿಂಗಳು ಉಣ್ಣುತ್ತಿದ್ದಳು. ಮಷಿನ್ ಹೋದ ಗದ್ದೆಯಲ್ಲಿ ಇಡೀ ತೆನೆ ಉಳಿಯಲ್ಲ. ಉದುರಿದ ಕಾಳು ಚೈನಿನ ಕೆಳಗೆ ಕೆಸರಿನಲ್ಲಿ ಹೂತು ಹೋಗುತ್ತೆ. ಇದು ಯಾವ ಲೆಕ್ಕದಲ್ಲೂ ಇಲ್ಲ. ಕೂಲಿ ದಿನಗಳು ಹೋದದ್ದಾದರೂ ಯಾರಾದರೂ ಎಣಿಸಬಹುದು, ಹಕ್ಕಲನ್ನು ಎಣಿಸೋರು ಯಾರು?

ಕುಡಗೋಲು ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ನಡು ಬಗ್ಗಿಸಿ ದಿನವಿಡೀ ಕೊಯ್ಯೋದು ಸುಖದ ಕೆಲಸ ಆಗಿರಲಿಲ್ಲ. ಸಂಜೆ ಎದ್ದು ನಿಲ್ಲೋಕೆ ಸೊಂಟ ಹಿಡಿದುಕೊಂಡು ಒದ್ದಾಡುತ್ತಿದ್ದರು, ಕೈ ತುಂಬ ಗಾಯ, ಹಾವಿನ ಭಯ. ಆ ಕಷ್ಟ ಹೋಗಿದ್ದು ಒಳ್ಳೆಯದೇ ಆಯ್ತು. ಕಷ್ಟದ ಜೊತೆಗೆ ಕೂಲಿಯೂ ಹೋಯ್ತಲ್ಲ, ಆ ಕೂಲಿ ಯಾರ ಹತ್ತಿರ ಹೋಯ್ತು ಅನ್ನೋದು ನನ್ನ ಪ್ರಶ್ನೆ. ಒಂದಿಷ್ಟು ನನ್ನಂಥ ರೈತನಿಗೆ ಉಳಿಯಿತು, ಸುಳ್ಳು ಹೇಳಲ್ಲ. ಒಂದಿಷ್ಟು ಮಷಿನ್ ಮಾಲೀಕನಿಗೆ, ಸಾಲ ಕೊಟ್ಟ ಬ್ಯಾಂಕಿಗೆ, ಡೀಸೆಲ್ಲಿಗೆ, ಮಷಿನ್ ಮಾಡಿದ ಕಂಪನಿಗೆ ಹೋಯ್ತು. ಗದ್ದೆಯಲ್ಲಿ ನಿಲ್ಲುತ್ತಿದ್ದ ಹೆಂಗಸಿಗೆ ಒಂದು ಪೈಸೆಯೂ ಇಲ್ಲ.

ಆ ಜನ ಈಗೆಲ್ಲಿ? ಗುಳೆ ಹೋದರು. ಒಣಭೂಮಿಯ ಊರುಗಳಿಂದ ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ಬಸ್ಸು ತುಂಬ ಜನ. ನಮ್ಮಲ್ಲಿ ಸುಗ್ಗಿಗೆ ಬರುತ್ತಿದ್ದಾಗ ಮೂವತ್ತು ನಲವತ್ತು ಮೈಲಿ ದೂರ ಬಂದು, ಕೆಲವು ವಾರದಲ್ಲಿ ಮನೆಗೆ ಹೋಗುತ್ತಿದ್ದರು. ಈಗ ವರ್ಷಗಟ್ಟಲೆ ಅಲ್ಲೇ. ಕಟ್ಟಡದ ಪಕ್ಕ ತಗಡಿನ ಶೆಡ್ಡು, ಮಕ್ಕಳ ಶಾಲೆ ಅರ್ಧಕ್ಕೆ ನಿಂತಿರುತ್ತೆ, ಮುದುಕರು ಊರಲ್ಲಿ ಒಬ್ಬರೇ. ಬೆಂಗಳೂರಿನ ಹೊರವಲಯದಲ್ಲಿ ಗಾಜಿನ ದೊಡ್ಡ ದೊಡ್ಡ ಕಟ್ಟಡ ಏಳುತ್ತಿವೆಯಲ್ಲ, ಮನುಷ್ಯರ ಕೆಲಸ ಮುಗಿಯುತ್ತೆ ಅಂತ ಒಳಗೆ ಕೂತು ಮಾತಾಡುವ ಆ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು, ಕಬ್ಬಿಣ ಹೊತ್ತವರು ಇವರೇ. ಮಷಿನ್ ಅವರನ್ನು ದುಡಿಮೆಯಿಂದ ಬಿಡಿಸಲಿಲ್ಲ ಸರ್. ಮನೆಯಿಂದ ಬಿಡಿಸಿತು.

ಇಷ್ಟಾದರೂ ನಮ್ಮ ಊರಿನ ಕಟ್ಟೆ ಮೇಲೆ ಕೂತರೆ ಕೇಳಿಸೋ ಮಾತು ಬೇರೆ. ಆಳು ಸಿಗ್ತಿಲ್ಲ, ಗ್ಯಾರಂಟಿ ಬಂದ ಮೇಲೆ ಎಲ್ಲ ಸೋಮಾರಿಗಳಾದರು, ತಿಂಗಳಿಗೆ 2,000 ಬರುತ್ತೆ, ಯಾಕೆ ಬರ್ತಾರೆ ಕೆಲಸಕ್ಕೆ. ನನ್ನ ಜೊತೆಯ ರೈತರೇ ಹೀಗೆ ಅನ್ನುತ್ತಾರೆ, ಅವರ ಜೊತೆ ನಾನು ಜಗಳ ಮಾಡಿದ್ದೂ ಇದೆ. ಗೃಹಲಕ್ಷ್ಮಿ ಬಂದದ್ದು 2023ರಲ್ಲಿ. ಕೊಯ್ಲಿನ ಮಷಿನ್ ಬಂದದ್ದು ಅದಕ್ಕಿಂತ ಎಷ್ಟೋ ವರ್ಷ ಮೊದಲು. ವರ್ಷಕ್ಕೆ ಎರಡು ಸುಗ್ಗಿಯ ಕೂಲಿ ಕಿತ್ತುಕೊಂಡು, ಕಳೆ ಕೀಳುವ ಕೂಲಿಯನ್ನು ಕಳೆನಾಶಕ ಹೊಡೆದು ಕಿತ್ತುಕೊಂಡು, ನಾಟಿಗೆ ಮಾತ್ರ ನಾಲ್ಕು ದಿನ ಬನ್ನಿ ಅಂದರೆ ಯಾರು ಊರಲ್ಲಿ ಕಾಯುತ್ತಾ ಕೂತಿರ್ತಾರೆ? ವರ್ಷದ ಕೆಲಸ ಇದ್ದಿದ್ದರೆ ಜನ ಊರಲ್ಲಿ ಇರುತ್ತಿದ್ದರು.

ಆ 2,000 ರೂಪಾಯಿ ಬಗ್ಗೆ ನನಗೆ ಇನ್ನೂ ಒಂದು ಮಾತು ಹೇಳಬೇಕಿದೆ. ಯಂತ್ರ ಬಂದು ಕೆಲಸ ಕಡಿಮೆಯಾಗುತ್ತೆ ಅನ್ನೋದು ನಿಜವೇ ಆದರೆ, ಕೂಲಿ ಮಾಡದೆಯೂ ಒಂದಿಷ್ಟು ದುಡ್ಡು ಜನರ ಕೈಗೆ ಬರಲೇಬೇಕು. ಇಲ್ಲದಿದ್ದರೆ ಮಷಿನ್ ಕೊಯ್ದ ನೆಲ್ಲನ್ನು ಕೊಳ್ಳೋರು ಯಾರು? ಎಐ ಬಂದ ಮೇಲೆ ಪ್ರತಿಯೊಬ್ಬರಿಗೂ ಸರ್ಕಾರ ತಿಂಗಳ ಹಣ ಕೊಡಬೇಕಾಗುತ್ತೆ ಅಂತ ದೊಡ್ಡ ದೊಡ್ಡ ಕಂಪನಿಯವರು ಹೇಳಿದಾಗ ಅದು ಮುಂದಾಲೋಚನೆ ಅನ್ನಿಸಿಕೊಳ್ಳುತ್ತೆ. ಮಷಿನ್ನಿಗೆ ಈಗಾಗಲೇ ಕೆಲಸ ಕಳೆದುಕೊಂಡ ಹೆಂಗಸಿಗೆ 2,000 ಕೊಟ್ಟಾಗ ಬಿಟ್ಟಿ ಭಾಗ್ಯ ಅನ್ನಿಸಿಕೊಳ್ಳುತ್ತೆ. ನೀವು ಸರ್ಕಾರದಲ್ಲಿ ಇರುವವರು, ಕನಿಷ್ಠ ನೀವಾದರೂ ಇದನ್ನು ದಾನದ ಹಾಗೆ ಹೇಳಬೇಡಿ. ಅವಳ ಕೂಲಿಯಲ್ಲಿ ಒಂದು ಸಣ್ಣ ಪಾಲು ವಾಪಸ್ ಬರುತ್ತಿದೆ ಅಂತ ಹೇಳಿ.

ಈಗ ಕೆಲಸದ ಗಂಟೆ ಬಗ್ಗೆ. 1930ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್, ಇನ್ನು ನೂರು ವರ್ಷದಲ್ಲಿ ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತೆ ಅಂತ ಬರೆದಿದ್ದರು. ಆ ನೂರು ವರ್ಷ ಮುಗಿಯುತ್ತಾ ಬಂತು. ನಮ್ಮ ದೇಶದ್ದೇ ನೋಡೋಣ. ಬಾಬಾಸಾಹೇಬ್ ಅಂಬೇಡ್ಕರ್ ಅವರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1946ರಲ್ಲಿ, ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿಯಿತು. ಆಗ ಕಂಪ್ಯೂಟರ್ ಇರಲಿಲ್ಲ, ಹಳ್ಳಿಗೆ ಕರೆಂಟೇ ಇರಲಿಲ್ಲ. ಅಂಥ ಕಾಲದಲ್ಲಿ 6 ಗಂಟೆ ಇಳಿಸೋಕೆ ಆಯ್ತು. ಎಂಬತ್ತು ವರ್ಷದಲ್ಲಿ ಏನೆಲ್ಲ ಬಂತು, ಉಪಗ್ರಹ ಬಂತು, ರೋಬೋ ಬಂತು, ಒಬ್ಬ ಕಾರ್ಮಿಕ ತಯಾರಿಸುವ ಸರಕು ಎಷ್ಟೋ ಪಟ್ಟು ಹೆಚ್ಚಿತು. ಗಂಟೆ ಮಾತ್ರ ಅದೇ 48ರಲ್ಲಿ ನಿಂತಿದೆ.

ನಿಂತಿದ್ದರೆ ಅದೂ ಒಂದು ಮಾತು. ಏರಿಸುವ ಪ್ರಯತ್ನ ನಡೆಯುತ್ತಾ ಇದೆ. 2023ರ ಫೆಬ್ರವರಿಯಲ್ಲಿ ಹಿಂದಿನ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೂ ದುಡಿಸೋಕೆ ದಾರಿ ಮಾಡಿತು. ನಿಮ್ಮ ಸರ್ಕಾರ ಬಂದ ಮೇಲೆ 2024ರಲ್ಲಿ ಐಟಿ ಕಂಪನಿಗಳಿಗೆ 14 ಗಂಟೆಯ ಪ್ರಸ್ತಾವ ಸುದ್ದಿಯಾಗಿ ಐಟಿ ನೌಕರರ ಸಂಘದವರು ಬೀದಿಗೆ ಇಳಿಯಬೇಕಾಯಿತು. 2025ರಲ್ಲಿ ಅಂಗಡಿ, ಆಫೀಸುಗಳಲ್ಲಿ ದಿನದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸುವ ಮಾತು ಬಂತು. ಇದರ ನಡುವೆ ದೊಡ್ಡ ಉದ್ಯಮಿಗಳು ಒಬ್ಬರು ವಾರಕ್ಕೆ 70 ಗಂಟೆ ದುಡೀರಿ ಅಂತಾರೆ, ಇನ್ನೊಬ್ಬರು 90 ಅಂತಾರೆ. ಒಂದು ಕಡೆ ಯಂತ್ರ ಬಂದು ಮನುಷ್ಯರಿಗೆ ಕೆಲಸವೇ ಇರಲ್ಲ ಅನ್ನೋ ಮಾತು, ಇನ್ನೊಂದು ಕಡೆ ಜನ ಇನ್ನೂ ಜಾಸ್ತಿ ದುಡೀಬೇಕು ಅನ್ನೋ ಮಾತು. ಎರಡೂ ಒಂದೇ ವರ್ಗದವರ ಬಾಯಿಂದ ಬರುತ್ತಿದೆ. ಹತ್ತು ಜನರ ಕೆಲಸ ಐದು ಜನರ ಮೇಲೆ ಹೇರಿ ಉಳಿದ ಐದು ಜನರನ್ನು ಮನೆಗೆ ಕಳಿಸೋದಾದರೆ ಈ ಎರಡು ಮಾತೂ ಹೊಂದುತ್ತವೆ. ಹತ್ತು ಜನರನ್ನೂ ಇಟ್ಟುಕೊಂಡು ಗಂಟೆ ಇಳಿಸಬಹುದಲ್ಲ? ಅದನ್ನು ಮಾಡಿಸೋಕೆ ಅಂತಲೇ ನಿಮ್ಮ ಇಲಾಖೆ ಇರೋದು.

ಯಂತ್ರ ತುರ್ತಾಗಿ ಬೇಕಾದ ಜಾಗ ಒಂದಿದೆ, ಒಳಚರಂಡಿ. ಮಲ ಹೊರುವ ಪದ್ಧತಿ ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೇರಳದ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ಬ್ಯಾಂಡಿಕೂಟ್ ಅನ್ನೋ ರೋಬೋ ಮಾಡಿ 2018ರಲ್ಲೇ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಸಿದರು. ಇದೇ ನೆಲದ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ತಮ್ಮ ಸಂಕಟ ಹೇಳಿಕೊಂಡಿದ್ದನ್ನು ನಾವ್ಯಾರೂ ಮರೆಯೋ ಹಾಗಿಲ್ಲ. ಕಾಯ್ದೆ ಇದೆ, ತೀರ್ಪು ಇದೆ, ಯಂತ್ರವೂ ಇದೆ. ಆದರೂ ಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತರು ಅನ್ನೋ ಸುದ್ದಿ ಬರುತ್ತಲೇ ಇರುತ್ತೆ. ಭತ್ತ ಕೊಯ್ಯೋ ಮಷಿನ್ ಯಾವ ಕೋರ್ಟಿನ ಆದೇಶವೂ ಇಲ್ಲದೆ ಹಳ್ಳಿ ಹಳ್ಳಿಗೆ ಬಂತು. ಈ ಯಂತ್ರ ಕೋರ್ಟು ಹೇಳಿದರೂ ಎಲ್ಲ ಊರಿಗೆ ಬರಲಿಲ್ಲ. ಸಾಯುವವರು ಯಾರು ಅನ್ನೋದರ ಮೇಲೆ ಇದೆಲ್ಲ ನಿಂತಿದೆ ಅಂತ ನಿಮಗೂ ಗೊತ್ತು.

ಮನುಷ್ಯರ ಕೆಲಸವೇ ಬೇಡವಾಗುತ್ತೆ ಅನ್ನೋರಿಗೆ ನಮ್ಮ ಡ್ಯಾಮಿನ ವಿಷಯವೂ ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೇದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ನಮ್ಮ ಬೆಳೆಯ ನೀರು ಕಣ್ಣೆದುರೇ ಹೊಳೆಗೆ ಹರಿದು ಹೋಗುತ್ತಿತ್ತು. ಆ ವಾರ ನಮ್ಮ ಕಡೆ ಯಾರಿಗೂ ಅನ್ನ ರುಚಿಸಲಿಲ್ಲ. ಕನ್ನಯ್ಯ ನಾಯ್ಡು ಅವರು ಬಂದರು, ವಯಸ್ಸಾದವರು, ಜೀವನವೆಲ್ಲ ಗೇಟು ನೋಡಿದವರು. ನೀರು ರಭಸವಾಗಿ ಹರಿಯುತ್ತಿರುವಾಗಲೇ ಒಂದೊಂದೇ ಉಕ್ಕಿನ ತುಂಡು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ನೀರು ನಿಲ್ಲಿಸಿದರು. ಕ್ರೇನ್ ಇತ್ತು, ನಿಜ. ಆದರೆ ಹರಿಯುವ ನೀರಿನ ಮೇಲೆ ಜೀವ ಕೈಯಲ್ಲಿ ಹಿಡಿದು ನಿಂತು ಆ ತುಂಡನ್ನು ಗೇಟಿನ ಜಾಗದಲ್ಲಿ ಕೂರಿಸಿದವರು ವೆಲ್ಡರ್‌ಗಳು, ಫಿಟ್ಟರ್‌ಗಳು, ಕೂಲಿಗಳು. ಯಂತ್ರ ಜಾಸ್ತಿ ಆದಷ್ಟೂ ಅದನ್ನು ನೋಡಿಕೊಳ್ಳುವ ಕೈ ಜಾಸ್ತಿ ಬೇಕು. ಎಪ್ಪತ್ತು ವರ್ಷದ ಚೈನಿಗೆ ಎಣ್ಣೆ ಹಾಕಿ, ತುಕ್ಕು ಕೆರೆದು, ತಟ್ಟಿ ನೋಡುವ ಕೆಲಸಕ್ಕೆ ಸಾಕಷ್ಟು ಜನರನ್ನು ಇಡೋದು ಖರ್ಚು ಅನ್ನಿಸುತ್ತೆ. ಆ ಖರ್ಚು ಉಳಿಸಿದರೆ ಕೊನೆಗೆ ಏನಾಗುತ್ತೆ ಅಂತ ನಾಲ್ಕು ಜಿಲ್ಲೆಯ ರೈತರು ನೋಡಿದ್ದೇವೆ. ಇನ್ನು ಆಶಾ ಕಾರ್ಯಕರ್ತೆಯರ ಕೆಲಸ, ಬಾಣಂತಿಯ ಮನೆಗೆ ಹೋಗಿ ಕೂಸಿನ ತೂಕ ನೋಡೋದು, ಅದನ್ನು ಯಾವ ಎಐ ಮಾಡುತ್ತೆ? ಅವರು ತಿಂಗಳಿಗೆ ಇಷ್ಟು ಅಂತ ಗೌರವಧನ ಖಾತ್ರಿ ಮಾಡಿ ಅಂತ ಕೇಳೋಕೆ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು.

ಹಳೆ ಕೆಲಸ ಹೋದರೆ ಹೊಸ ಕೆಲಸ ಬರುತ್ತೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಬರುತ್ತೆ. ಮಷಿನ್ ಓಡಿಸೋನ ಕೆಲಸ ಬಂತು, ರಿಪೇರಿ ಕೆಲಸ ಬಂತು, ಏಜೆಂಟ್ ಕೆಲಸ ಬಂತು. ಅದರಲ್ಲಿ ಒಂದಾದರೂ ಆ ಗದ್ದೆಯ ಹೆಂಗಸಿಗೆ ಸಿಕ್ಕಿತಾ? ಕೆಲಸ ಕಳೆದುಕೊಂಡವಳು ಒಬ್ಬಳು, ಹೊಸ ಕೆಲಸ ಸಿಕ್ಕಿದ್ದು ಬೇರೆ ರಾಜ್ಯದ ಬೇರೊಬ್ಬನಿಗೆ. ಲೆಕ್ಕದ ಪುಸ್ತಕದಲ್ಲಿ ಸರಿಹೋಗುತ್ತೆ, ಅವಳ ಮನೆಯಲ್ಲಿ ಸರಿಹೋಗಲ್ಲ.

ಹಾಗಾಗಿ ನಾನು ಕೇಳೋದು ಇಷ್ಟು. ನಮ್ಮ ಸರ್ಕಾರ ಕೃಷಿ ಯಂತ್ರಗಳಿಗೆ ಸಹಾಯಧನ ಕೊಡುತ್ತೆ, ಕೃಷಿ ಯಂತ್ರಧಾರೆ ಅಂತ ಬಾಡಿಗೆ ಕೇಂದ್ರಗಳನ್ನೂ ಮಾಡಿದೆ. ಆ ದುಡ್ಡಿನಲ್ಲಿ ಒಂದು ಭಾಗದಿಂದ, ಕೊಯ್ಲಿನ ಮಷಿನ್ನಿನ ಮಾಲೀಕತ್ವವನ್ನೇ ಭೂಮಿ ಇಲ್ಲದ ಕೂಲಿ ಹೆಂಗಸರ ಸಂಘಗಳಿಗೆ ಕೊಡಿ. ಹೆಂಗಸರ ಸಂಘಕ್ಕೆ ಮಷಿನ್ ನಡೆಸೋಕೆ ಬರಲ್ಲ ಅಂತ ಯಾರಾದರೂ ಅಂದರೆ, ಕೇಂದ್ರ ಸರ್ಕಾರ 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆ ಮಾಡಿದೆ ಅಂತ ತೋರಿಸಿ. ಆಕಾಶದಲ್ಲಿ ಹಾರುವ ಯಂತ್ರ ನಡೆಸೋಕೆ ಬರುತ್ತೆ ಅಂದ ಮೇಲೆ ನೆಲದ ಮೇಲಿನದ್ದು ಯಾಕೆ ಬರಲ್ಲ? ಡ್ರೈವರ್ ಬೇಕಿದ್ದರೆ ಅವರ ಮಕ್ಕಳಿಗೇ ಐಟಿಐನಲ್ಲಿ ಕಲಿಸಿ. ನಾನು ಗಂಟೆಗೆ ಕೊಡುವ ಮೂರು ಸಾವಿರ ಅದೇ ಊರಿನ, ಹಿಂದೆ ಅದೇ ಗದ್ದೆಯಲ್ಲಿ ಕುಡಗೋಲು ಹಿಡಿದಿದ್ದವರ ಸಂಘಕ್ಕೆ ಹೋಗಲಿ. ರೈತನಾಗಿ ನನಗೆ ಇದರಲ್ಲಿ ಒಂದು ರೂಪಾಯಿ ನಷ್ಟ ಇಲ್ಲ, ಹೊರಗಿನ ಏಜೆಂಟನ ಹಿಂದೆ ಅಲೆಯೋದು ತಪ್ಪುತ್ತೆ.

ಹಮಾಲರ ಚೀಲದ ತೂಕ 50 ಕೆಜಿಗೆ ಇಳಿಸಿ ಆದೇಶ ಮಾಡಿ. ಇದಕ್ಕೆ ಬಜೆಟ್ಟೇ ಬೇಡ. ಮಿಲ್ಲಿನವರು, ಎಪಿಎಂಸಿಯವರು, ಸಾಗಣೆಯವರು ಒಂದು ವರ್ಷ ಗೊಣಗಬಹುದು, ಆಮೇಲೆ ಅದೇ ರೂಢಿಯಾಗುತ್ತೆ. ರೇಟು ಚೀಲದ ಮೇಲೆ ಹೇಳುತ್ತಿರೋದರಿಂದ ರೈತರಲ್ಲೂ ಸ್ವಲ್ಪ ಗೊಂದಲ ಆಗಬಹುದು, ಅದು ದೊಡ್ಡ ವಿಷಯವಲ್ಲ. ತೂಕ ಇಳಿಸಿದಾಗ ಚೀಲದ ಲೆಕ್ಕದ ಕೂಲಿ ಇಳಿಯಬಾರದು ಅನ್ನೋ ಮಾತು ಅದೇ ಆದೇಶದಲ್ಲಿ ಇರಬೇಕು, ಇಲ್ಲದಿದ್ದರೆ ಬೆನ್ನಿಗೆ ಕೊಟ್ಟದ್ದನ್ನು ಜೇಬಿನಿಂದ ತೆಗೆಯುತ್ತಾರೆ. ಅದರ ಜೊತೆಗೆ ಮಹಾರಾಷ್ಟ್ರದ ಮಾದರಿಯ ಮಂಡಳಿ ಮಾಡಿ. ನಿಮ್ಮ ಇಲಾಖೆಗೆ ಇದು ಹೊಸದೇನಲ್ಲ. ಕಟ್ಟಡದ ವೆಚ್ಚದ ಮೇಲೆ 1% ಸೆಸ್ ಹಾಕಿ ಕಟ್ಟಡ ಕಾರ್ಮಿಕರ ಮಂಡಳಿ ನಡೆಸುತ್ತಿದ್ದೀರಿ. 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಡೆಲಿವರಿ ಹುಡುಗರಿಗೆ ಕಂಪನಿ ಕೊಡುವ ಹಣದ ಮೇಲೆ 1ರಿಂದ 5% ಕಲ್ಯಾಣ ಶುಲ್ಕ ಹಾಕುವ ಧೈರ್ಯ ತೋರಿಸಿದಿರಿ. ಅದಕ್ಕೆ ನಿಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ. ಅದೇ ಧೈರ್ಯ ಹಮಾಲರಿಗೂ ಗದ್ದೆ ಕೂಲಿಗಳಿಗೂ ಸಿಗಲಿ.

ಇನ್ನೊಂದು. ಸರ್ಕಾರ ಯಾವುದೇ ಯಂತ್ರಕ್ಕೆ ದುಡ್ಡು ಕೊಡುವ ಮೊದಲು, ಆ ಯಂತ್ರದಿಂದ ಎಷ್ಟು ಕೂಲಿ ದಿನ ಹೋಗುತ್ತೆ, ಯಾರದ್ದು ಹೋಗುತ್ತೆ, ಅವರಿಗೆ ಬದಲಿಗೆ ಏನು ಅನ್ನೋ ಒಂದು ಪುಟದ ಲೆಕ್ಕ ಕಡತದಲ್ಲಿ ಇರಬೇಕು ಅಂತ ನಿಯಮ ಮಾಡಿ. ಎಐ ತಂತ್ರಾಂಶ ಕೊಳ್ಳುವ ಇಲಾಖೆಗಳಿಗೂ ಅದೇ ನಿಯಮ ಇರಲಿ. ಅಣೆಕಟ್ಟು ಕಟ್ಟುವಾಗ ಯಾವ ಊರು ಮುಳುಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಪರಿಹಾರ ಗೊತ್ತು ಮಾಡುತ್ತಾರಲ್ಲ, ಹಾಗೆ. ಮತ್ತೆ ದಯವಿಟ್ಟು ಕೆಲಸದ ಗಂಟೆ ಏರಿಸುವ ಯಾವ ಕಡತಕ್ಕೂ ಸಹಿ ಹಾಕಬೇಡಿ.

ಬಜೆಟ್ಟಿಗೆ ಮೊದಲು ನೀವು, ಕೃಷಿ ಸಚಿವರು ಒಂದು ದಿನ ಒಟ್ಟಿಗೆ ಕೂತರೆ ಮಷಿನ್ನಿನ ವಿಷಯ ಬಗೆಹರಿಯುತ್ತೆ. ಚೀಲದ ತೂಕಕ್ಕೆ ಅಷ್ಟೂ ಬೇಕಿಲ್ಲ. ಕಾರಟಗಿ, ಗಂಗಾವತಿ, ಸಿಂಧನೂರಿನ ಹಮಾಲರ ಸಂಘದವರನ್ನು, ಮಿಲ್ ಮಾಲೀಕರನ್ನು ಒಂದೇ ಮೇಜಿನ ಮುಂದೆ ಕೂರಿಸಿ. ಸಭೆ ಬೆಂಗಳೂರಿನಲ್ಲಿ ಬೇಡ, ಇಲ್ಲೇ ಎಪಿಎಂಸಿಯಲ್ಲಿ ಇಡಿ, ಹಮಾಲರಿಗೆ ಒಂದು ದಿನದ ಕೂಲಿ ತಪ್ಪಿಸಿಕೊಂಡು ಅಷ್ಟು ದೂರ ಬರೋಕೆ ಆಗಲ್ಲ. ರೈತರ ಕಡೆಯಿಂದ ನಾವು ಬರುತ್ತೇವೆ.

ಇಂತಿ,
ಕಾರಟಗಿ ಕಡೆಯ ಒಬ್ಬ ಭತ್ತದ ರೈತ